ಬುಧನ ಮೇಲೆ ಅಕ್ಕನ ವಯಸ್ಸು

ಅಪ್ಸರಕೊಂಡದ ಹತ್ತಿರದ ಒಂದು ಹೋಮ್‌ಸ್ಟೇಯ ಬುಕಿಂಗ್ ವೆಬ್ ಪುಟ ಕೆಟ್ಟು, ಒಂದೇ ಕೋಣೆಯನ್ನು ಮೂರು ಸಂಸಾರಗಳಿಗೆ ಕೊಟ್ಟುಬಿಟ್ಟಿತ್ತು. ಅದನ್ನು ಸರಿಮಾಡುತ್ತ ಹೊನ್ನಾವರದ ನನ್ನ ಬಾಡಿಗೆ ಕೋಣೆಯಲ್ಲಿ ಕೂತಿದ್ದಾಗ ಶಿರಾಲಿಯ ಅಕ್ಕೋರ ಫೋನು ಬಂತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಶಿರಾಲಿಯ ಹೆದ್ದಾರಿಯಿಂದ ಒಳಗೆ ಹೋಗುವ ರಸ್ತೆಯಲ್ಲಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನದ ಅಕ್ಕೋರು, ಮುಖ್ಯೋಪಾಧ್ಯಾಯಿನಿಯೂ ಹೌದು.

"ಹುಟ್ಟಿದ ದಿನಾಂಕ ಹಾಕಿದ್ರೆ ಬುಧನ ಮೇಲೆ ಎಷ್ಟು ವಯಸ್ಸು, ಗುರು ಮೇಲೆ ಎಷ್ಟು ಅಂತ ಬರಬೇಕು. ಆಗ್ತದಾ?" ಎಂದರು.

"ಆಗ್ತದೆ ಅಕ್ಕೋರೆ. ಅಂಥದ್ದು ಬೇಕಾದಷ್ಟು ಇದೆ. ಇಂಗ್ಲಿಷಿನಲ್ಲಿ ಹುಡುಕಿದ್ರೆ ಈಗಲೇ ಸಿಗ್ತದೆ."

"ಅದು ನಂಗೂ ಸಿಕ್ಕಿದೆ. ನಂಗೆ ಕನ್ನಡದಲ್ಲಿ ಬೇಕು, ನೆಟ್ ಇಲ್ಲದೆ ನಡೀಬೇಕು, ಅಜ್ಜಿಯಂದಿರಿಗೂ ತಿಳೀಬೇಕು. ಮತ್ತೆ ಬೇಗ ಬೇಕು."

ಬೇಗ ಯಾಕೆಂದರೆ ಶಾಲೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಅಕ್ಕೋರು ಅದರ ಗೋಡೆಗೆ ಕಪ್ಪು ಬಣ್ಣ ಬಳಿಸಿ, ಮಾಡಿನಿಂದ ಎಂಟು ಗ್ರಹಗಳನ್ನು ನೇತುಹಾಕಿ ವಿಜ್ಞಾನದ ಕೋಣೆ ಮಾಡಿದ್ದರು. ಶಾಲೆಯ ಮೇಲುಸ್ತುವಾರಿ ಸಮಿತಿಗೆ ಅದೇ ಕೋಣೆ ಬಿಸಿಯೂಟದ ಅಕ್ಕಿಮೂಟೆ ಇಡುವುದಕ್ಕೂ ಮುರಿದ ಬೆಂಚು ತುಂಬುವುದಕ್ಕೂ ಬೇಕಾಗಿತ್ತು. ಪಾಲಕರ ಸಭೆಯ ದಿನ ಎಲ್ಲರಿಗೂ ಕೋಣೆ ತೋರಿಸಿ, ಜನ ಒಪ್ಪಿದರೆ ಉಳಿಸಿಕೊಳ್ಳಿ, ಇಲ್ಲವಾದರೆ ಬೀಗದ ಕೈ ಕೊಡಿ ಎಂದು ಸಮಿತಿಯ ಅಧ್ಯಕ್ಷರು ಹೇಳಿದ್ದರು. ಬರುವ ಮಾರ್ಚಿಗೆ ಅಕ್ಕೋರ ನಿವೃತ್ತಿ. ಒಮ್ಮೆ ಮೂಟೆ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನಿಗೆ ಇದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ. ಮನುಷ್ಯ ಭೂಮಿಯ ಮೇಲೆ ಕಳೆದ ದಿನಗಳನ್ನು ಎಣಿಸುವುದು, ಆ ಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಹಿಡಿಯುವ ದಿನಗಳಿಂದ ಭಾಗಿಸುವುದು. ಅಷ್ಟೇ. ಮಾಡಿ ಕೊಟ್ಟು, ಮತ್ತೆ ಆ ಕಡೆ ತಲೆ ಹಾಕಬಾರದು ಎಂದೂ ಅಂದುಕೊಂಡಿದ್ದೆ. ಯಾವ ಕೆಲಸದ ಹತ್ತಿರವೂ ಹೆಚ್ಚು ದಿನ ನಿಲ್ಲುವ ಸ್ವಭಾವ ನನ್ನದಲ್ಲ.

ಎಂಟು ಅಂಕಿಗಳನ್ನು ನೆನಪಿನಿಂದಲೇ ಟೈಪ್ ಮಾಡಿದೆ. ಬುಧ 87.97, ಮಂಗಳ 686.98, ಗುರು 4332.59, ಶನಿ 10759. ಬೆರಳು ತಡೆಯಲಿಲ್ಲ. ಶುಕ್ರನಿಗೆ 243 ಎಂದು ಹಾಕಿದೆ. ಪುಟ ತೋರಿಸಲು ಶಾಲೆಗೆ ಹೋದಾಗ ಅಕ್ಕೋರು ತಮ್ಮ ಗೋಡೆಯ ಪಟ್ಟಿಯನ್ನೂ ನನ್ನ ಪುಟವನ್ನೂ ಒಂದರ ನಂತರ ಒಂದು ನೋಡಿದರು. ಗೋಡೆಯ ಮೇಲೆ ಶುಕ್ರನಿಗೆ 225 ಎಂದಿತ್ತು.

"ಗೋಡೆ ಮೇಲಿಂದು ತಪ್ಪು," ಎಂದೆ ನಾನು.

"ಅದು ಪಾಠಪುಸ್ತಕದ್ದು ಸರ್."

"ಪಾಠಪುಸ್ತಕವೂ ತಪ್ಪಿರಬಹುದು."

"ಇರಬಹುದು. ನಿಮ್ಮ ನೆನಪು?"

ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. 243 ದಿನ ಶುಕ್ರ ತನ್ನ ಸುತ್ತ ತಾನೇ ಒಮ್ಮೆ ತಿರುಗಲು ಬೇಕಾಗುವ ಕಾಲ. ಸೂರ್ಯನ ಸುತ್ತ ಬರಲು ಬೇಕಾಗುವುದು 224.7. ಎರಡೂ ನನಗೆ ಗೊತ್ತಿದ್ದ ಅಂಕಿಗಳೇ. ಮೂವತ್ತು ವರ್ಷ ತಲೆಯೊಳಗೆ ಪಕ್ಕಪಕ್ಕ ಇದ್ದು, ಯಾವಾಗಲೋ ಸ್ಥಳ ಬದಲಾಯಿಸಿಕೊಂಡಿದ್ದವು. ತಪ್ಪಿದ್ದಕ್ಕಿಂತ ಹೆಚ್ಚು ಕಿರಿಕಿರಿ ಆದದ್ದು, ತಪ್ಪುವಾಗ ನನಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ ಎನ್ನುವುದಕ್ಕೆ. ದೇವರನ್ನು, ಜಾತಕವನ್ನು, ಪತ್ರಿಕೆಯನ್ನು ಎಲ್ಲವನ್ನೂ ಅನುಮಾನಿಸುವವನು ನಾನು. ನನ್ನ ನೆನಪು ಒಂದನ್ನು ಮಾತ್ರ ಬಿಟ್ಟಿದ್ದೆ. ಅಂದಿನಿಂದ ಎಂಟೂ ಅಂಕಿಗಳನ್ನು ಎರಡೆರಡು ಕಡೆ ನೋಡಿ ತಾಳೆ ಮಾಡಿದೆ.

ಆಮೇಲಿನ ತೊಡಕು ದಿನಾಂಕದ ಪೆಟ್ಟಿಗೆಯದು. ಫೋನಿನಲ್ಲಿ ದಿನಾಂಕ ಎಂದು ಮುಟ್ಟಿದರೆ ಕ್ಯಾಲೆಂಡರ್ ತೆರೆಯುತ್ತದೆ, ಈ ತಿಂಗಳಿನಿಂದ ಶುರುವಾಗುತ್ತದೆ. ಅರವತ್ತರ ಹೆಂಗಸು ತಾನು ಹುಟ್ಟಿದ ತಿಂಗಳಿಗೆ ಹೋಗಬೇಕಾದರೆ ಹಿಂದಿನ ಬಾಣವನ್ನು ಒತ್ತಿ ಒತ್ತಿ ಸಾಯಬೇಕು. ಅದನ್ನು ತೆಗೆದು ದಿನ, ತಿಂಗಳು, ವರ್ಷ ಎಂದು ಮೂರು ದೊಡ್ಡ ಪೆಟ್ಟಿಗೆ ಮಾಡಿದೆ. ಪುಟ ಬರೆಯಲು ನಾನು ಬಳಸುವ ಕಂಪ್ಯೂಟರ್ ಭಾಷೆಯಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ: ಜನವರಿ ಸೊನ್ನೆ, ಜೂನ್ ಐದು. ಆರು ಎಂದು ಒತ್ತಿದ್ದನ್ನು ಹಾಗೇ ಬಿಟ್ಟರೆ ಜೂನಿನವರು ಜುಲೈಯಲ್ಲಿ ಹುಟ್ಟಿಬಿಡುತ್ತಾರೆ. ಒಂದು ಕಳೆದಿದ್ದೇನೆಯೇ ಎಂದು ನೋಡಿದೆ. ಕಳೆದಿದ್ದೆ. ಸ್ವಲ್ಪ ಹೊತ್ತಿನ ನಂತರ ನೋಡಿದ್ದೇನೆಯೇ ಎಂದು ಅನುಮಾನ ಬಂದು ಮತ್ತೆ ನೋಡಿದೆ. ಶುಕ್ರ ಕೈಕೊಟ್ಟ ಮೇಲೆ ಹೀಗೇ ಆಯಿತು. ಬಾಗಿಲು ಹಾಕಿ ಹೊರಟವನು ಬೀಗ ಎಳೆದು ನೋಡಲು ತಿರುಗಿ ಬರುವ ಹಾಗೆ.

ಪುಟಕ್ಕೆ ಬೇಕಾದ ಎಲ್ಲವನ್ನೂ, ಕನ್ನಡ ಅಕ್ಷರದ ಫಾಂಟ್ ಸಮೇತ, ಒಂದೇ ಕಡತದಲ್ಲಿ ಸೇರಿಸಿದೆ. ಅದನ್ನು ಶಾಲೆಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ಭಟ್ಕಳದ ಒಬ್ಬ ಸಾಹೇಬರಿಂದ ದೊಡ್ಡ ಟಿ.ವಿ. ಒಂದನ್ನು ಎರವಲು ತಂದು ಜೋಡಿಸಿದೆವು. ಸಾಹೇಬರು ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ಮನೆಯಲ್ಲಿದ್ದವರು, ಅಕ್ಕೋರ ಪರಿಚಯದವರು.

ಸಭೆಯ ದಿನ ಜೋರು ಮಳೆ ಎಂದು ನನ್ನ ನೆನಪು. ಅಕ್ಕೋರು ಬಿಸಿಲಿತ್ತು ಎನ್ನುತ್ತಾರೆ. ಏನೇ ಇರಲಿ, ಕೋಣೆ ತುಂಬ ಜನ ಇದ್ದರು. ಅಪ್ಪ ಅಮ್ಮಂದಿರು ಕೆಲಸಕ್ಕೆ ಹೋದವರು, ಬಂದವರಲ್ಲಿ ಅಜ್ಜ ಅಜ್ಜಿಯರೇ ಹೆಚ್ಚು. ಮಕ್ಕಳ ವಯಸ್ಸು ಚೆನ್ನಾಗಿಯೇ ನಡೆಯಿತು. ಬುಧನ ಮೇಲೆ ನಲವತ್ತು ದಾಟಿದ ಮೊಮ್ಮಗನನ್ನು ನೋಡಿ ಒಬ್ಬ ಅಜ್ಜ "ಮದುವೆ ವಯಸ್ಸು ಮೀರ್ತು ಮಾರಾಯ" ಎಂದು ನಗಿಸಿದರು. ಆಮೇಲೆ ಹಿರಿಯರ ಸರದಿ. ಆಧಾರ್ ಕಾರ್ಡು ತೆಗೆದು ಓದಿ ಹೇಳಿದರು. ಮೊದಲನೆಯವರು ಜೂನ್ ಒಂದು. ಎರಡನೆಯವರು ಜೂನ್ ಒಂದು. ಮೂರನೆಯವರು ಜನವರಿ ಒಂದು. ನಾಲ್ಕನೆಯವರು ಮತ್ತೆ ಜೂನ್ ಒಂದು. ಬುಧನ ಮೇಲಿನ ಮುಂದಿನ ಹುಟ್ಟುಹಬ್ಬ ಯಾವಾಗ ಎಂದು ನನ್ನ ಪುಟ ಹೇಳುತ್ತಿತ್ತು. ಜೂನ್ ಒಂದರವರ ತಾರೀಖುಗಳು ಗುಂಪುಗುಂಪಾಗಿ ಒಂದೇ ಬರತೊಡಗಿದವು.

ನಮ್ಮ ಕಡೆ ನನಗಿಂತ ಹಿರಿಯರಲ್ಲಿ ಬಹಳ ಮಂದಿ ಜೂನ್ ಒಂದಕ್ಕೆ ಹುಟ್ಟಿದವರು. ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಆರು ತುಂಬಿದೆ ಎಂದು ಲೆಕ್ಕ. ಆರು ಕಳೆದು, ಜೂನ್ ಒಂದು ಎಂದು ಮಾಸ್ತರು ಬರೆಯುತ್ತಿದ್ದರು. ಮುಂದೆ ಕಾರ್ಡುಗಳೆಲ್ಲ ಅದರ ಮೇಲೆಯೇ ಆದವು. ಇದು ನನಗೆ ಹೊಸ ಸಂಗತಿಯಲ್ಲ. ನನ್ನ ಹುಟ್ಟಿದ ದಿನವೂ ದಾಖಲೆಯಲ್ಲಿ ಜೂನ್ ಒಂದೇ. ಆದರೂ ಪುಟ ಬರೆಯುವಾಗ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಆಗ ಅಕ್ಕ ತಂಗಿ ಇಬ್ಬರು ಒಟ್ಟಿಗೆ ಮುಂದೆ ಬಂದರು. ಇಬ್ಬರ ಮೊಮ್ಮಕ್ಕಳೂ ಅಲ್ಲಿ ಓದುತ್ತಿದ್ದರು. ಇವರು ಓದಿದ್ದೂ ಅದೇ ಶಾಲೆಯಲ್ಲಿ. ಅಕ್ಕ ತೆಳ್ಳಗೆ, ಬೆನ್ನು ಸ್ವಲ್ಪ ಬಾಗಿತ್ತು. ತಂಗಿ ಮಾತಿನವಳು. ಇಬ್ಬರದೂ ಜೂನ್ ಒಂದು, ಒಂದೇ ವರ್ಷ. ಟಿ.ವಿ.ಯಲ್ಲಿ ಎರಡು ಸಾಲು ಮೂಡಿದವು. ಭೂಮಿ ಅರವತ್ತೆರಡು, ಅರವತ್ತೆರಡು. ಬುಧ ಇನ್ನೂರ ಐವತ್ತೆಂಟು, ಇನ್ನೂರ ಐವತ್ತೆಂಟು. ಹಾಗೆಯೇ ನೆಪ್ಚೂನಿನವರೆಗೆ.

"ಅವಳಿ ಜವಳಿಯಾ ಅಮ್ಮ?" ಎಂದು ಕೇಳಿದೆ. ಕೇಳಬಾರದಿತ್ತು.

"ಎಂತ ಅವಳಿ?" ಎಂದಳು ಅಕ್ಕ. "ಇದನ್ನ ಸೊಂಟದ ಮೇಲೆ ಹೊತ್ಕಂಡು ತಿರುಗಿದ್ದು ನಾನು. ಇದ್ರ ಸಿಂಬಳ ಒರೆಸಿದ್ದು ನಾನು. ಇದನ್ನ ನೋಡ್ಕಣ್ಲಿ ಅಂತ ನನ್ನನ್ನ ಮನೇಲೇ ಇಟ್ಕಂಡು, ಇದು ಶಾಲೆಗೆ ಹೋಗುಷ್ಟು ಆದ್ಮೇಲೆ ಇಬ್ರನ್ನೂ ಒಟ್ಟಿಗೆ ಕಳ್ಸಿದ್ರು. ಒಟ್ಟಿಗೆ ಬಂದ್ರು ಅಂತ ಮಾಸ್ತರು ಒಟ್ಟಿಗೆ ಬರ್ಕಂಡ್ರು."

"ಕಿವಿ ಮುಟ್ಟು ಅಂದ್ರೆ ಇದ್ರ ಕೈ ಗದ್ದದ ವರೆಗೆ ಬಂದಿತ್ತು," ಎಂದಳು ತಂಗಿ. ಜನ ನಕ್ಕರು. ಅಕ್ಕ ನಗಲಿಲ್ಲ.

"ಕಾರ್ಡಲ್ಲಿ ಬರ್ದದ್ದು ಬರ್ಕಂಡು ಹೋಗ್ಲಿ. ಇದು ಇಷ್ಟು ದೊಡ್ಡ ಅಕ್ಷರದಲ್ಲಿ ಮೊಮ್ಮಕ್ಕಳ ಎದುರಿಗೆ ಹೇಳ್ತದಲ್ಲ. ಯಾವ ಲೋಕಕ್ಕೆ ಹೋದ್ರೂ ನಾನೇ ದೊಡ್ಡದು. ತೆಗೀರಿ ಅದನ್ನ."

ತೆಗೆದೆ. ಸಮಿತಿಯ ಅಧ್ಯಕ್ಷರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತೆಂಗಿನಕಾಯಿ ವ್ಯಾಪಾರದವರು, ಗಟ್ಟಿ ಗಂಟಲು. ಅಲ್ಲಿಯವರೆಗೆ ಅವರು ಒಮ್ಮೆಯೂ ಮುಂದೆ ಬಂದು ತಮ್ಮ ದಿನಾಂಕ ಹೇಳಿರಲಿಲ್ಲ.

"ಅಲ್ಲ ಭಟ್ರೆ," ಎಂದರು ನನಗೆ, "ಇಲ್ಲಿ ಅಕ್ಕ ಯಾರು ತಂಗಿ ಯಾರು ಅಂತ ತಿಳೀದ ಮಷಿನು, ಶನಿ ಮೇಲೆ ಹೋಗಿ ಎಂತ ನೋಡ್ಕಂಡು ಬತ್ತದೆ?"

ಈ ಸಲದ ನಗು ದೊಡ್ಡದಾಗಿತ್ತು. ಅಕ್ಕೋರು ಮಾತ್ರ ನಗದೆ ಕೈಯಲ್ಲಿದ್ದ ಡಸ್ಟರನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಅಧ್ಯಕ್ಷರು ಕೆಟ್ಟವರಲ್ಲ. ಮುಂದಿನ ತಿಂಗಳ ಸಭೆವರೆಗೆ ಟೈಮು ಕೊಡುವ ಎಂದರು. ಅಷ್ಟರೊಳಗೆ ಸರಿಯಾಗದಿದ್ದರೆ ಅಕ್ಕಿ ಬರುತ್ತದೆ, ಇಡಲು ಜಾಗ ಬೇಕು ಎಂದರು.

ಜನ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಕೋಡು ತೆರೆದು ತಿಂಗಳ ಸಾಲು ನೋಡಿದ್ದು. ಒಂದು ಕಳೆದಿತ್ತು. ದಿನಗಳ ಎಣಿಕೆ ಸರಿ ಇತ್ತು, ಭಾಗಾಕಾರ ಸರಿ ಇತ್ತು. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ಸಿಗಲಿಲ್ಲ, ಅದೇ ಕಷ್ಟವಾಯಿತು. ಬಸ್ಸಿನಲ್ಲಿ ಹೊನ್ನಾವರಕ್ಕೆ ಬರುವಾಗ ಆ ಕೆಲಸ ಬಿಟ್ಟುಬಿಡುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ದಾಖಲೆ ತಪ್ಪಿದ್ದರೆ ನಾನೇನು ಮಾಡಲಿ ಅಕ್ಕೋರೆ, ತಪ್ಪು ಹಾಕಿದರೆ ತಪ್ಪು ಬರುತ್ತದೆ. ಮಾತು ಸರಿಯಾಗಿಯೇ ಇತ್ತು. ಆದರೆ ಅದನ್ನು ಹೇಳಿದ ಮರುದಿನ ಆ ಕೋಣೆಯೊಳಗೆ ಅಕ್ಕಿಮೂಟೆ ಹೋಗುತ್ತದೆ.

ಟಿ.ವಿ. ಹಿಂದಿರುಗಿಸಲು ಭಟ್ಕಳಕ್ಕೆ ಹೋದೆ. ಸಾಹೇಬರು ಚಹಾ ತರಿಸಿ, ಯಂತ್ರ ಹೇಗೆ ನಡೆಯಿತು ಎಂದು ಕೇಳಿದರು. ನಡೆದದ್ದನ್ನು ಹೇಳಿ ಲ್ಯಾಪ್‌ಟಾಪ್ ತೆರೆದೆ. ಅವರ ಪಾಸ್‌ಪೋರ್ಟಿನ ದಿನಾಂಕ ಹಾಕಿದೆ. ಭೂಮಿಯ ಸಾಲಿನಲ್ಲಿ ಅರವತ್ತೆಂಟು ಬಂತು.

"ಎಪ್ಪತ್ತು," ಎಂದರು ಸಾಹೇಬರು.

"ಪಾಸ್‌ಪೋರ್ಟು ತಪ್ಪಾ?"

"ಪಾಸ್‌ಪೋರ್ಟು ಬರಾಬರ್ ಇದೆ. ನಮ್ಮ ತಂದೆ ಬರೆದಿಟ್ಟ ತಾರೀಖು. ಆದರೆ ನಮ್ಮ ಮನೆಯಲ್ಲಿ ವಯಸ್ಸು ಎಣಿಸೋದು ಚಂದ್ರನ ವರ್ಷದಲ್ಲಿ. ಹನ್ನೆರಡು ಚಾಂದು ಆದರೆ ವರ್ಷ. ನಿಮ್ಮ ವರ್ಷಕ್ಕಿಂತ ಹನ್ನೊಂದು ದಿನ ಸಣ್ಣದು. ಇಷ್ಟು ಉಮರಿಗೆ ಎರಡು ವರ್ಷ ಜಾಸ್ತಿ ಆಗಿದೆ." ಚಹಾದ ಕಪ್ಪು ಕೆಳಗಿಟ್ಟು ನಕ್ಕರು. "ಬೇರೆ ಗ್ರಹಕ್ಕೆ ಯಾಕೆ ಹೋಗ್ತೀರಿ ಭಟ್ರೇ? ಭಟ್ಕಳಕ್ಕೆ ಬಂದರೆ ಸಾಕಲ್ಲ."

ಅವರು ತಮಾಷೆಗೆ ಹೇಳಿದ್ದು. ನನಗೆ ಆ ಹೊತ್ತಿನಲ್ಲಿ ನಗು ಬರಲಿಲ್ಲ. ವರ್ಷ ಎಂದರೆ ಯಾರ ವರ್ಷ ಎಂದು ಕೇಳುವುದೇ ಈ ಪುಟದ ಕೆಲಸ. ಆ ಪ್ರಶ್ನೆಯನ್ನು ಬುಧನಿಂದ ನೆಪ್ಚೂನಿನವರೆಗೆ ಕೇಳಿದ್ದೆ, ಭೂಮಿಯನ್ನು ಮಾತ್ರ ಬಿಟ್ಟಿದ್ದೆ. ಚಂದ್ರನ ಲೆಕ್ಕ ಇದೆ, ಸೂರ್ಯನ ಲೆಕ್ಕ ಇದೆ, ನಮ್ಮ ಮನೆಗಳಲ್ಲಿ ತುಂಬಿದ್ದನ್ನು ಬಿಟ್ಟು ನಡೆಯುತ್ತಿರುವ ವರ್ಷವನ್ನೇ ಹೇಳುವ ಲೆಕ್ಕ ಇದೆ. ಟಿ.ವಿ. ಇನ್ನೊಂದು ತಿಂಗಳು ಇಟ್ಟುಕೊಳ್ಳಿ ಎಂದು ಸಾಹೇಬರೇ ಹೇಳಿ, ತಂದದ್ದನ್ನು ಅದೇ ರಿಕ್ಷಾದಲ್ಲಿ ವಾಪಸು ಹಾಕಿಸಿದರು.

ಆ ವಾರ ಕುಮಟಾದ ಕಡೆ ಒಂದು ಕೆಲಸವಿತ್ತು. ಮುಗಿಸಿ ಸಂತೆಗುಳಿಯಲ್ಲಿರುವ ನನ್ನ ಸ್ವಂತ ಅಕ್ಕನ ಮನೆಗೆ ಹೋದೆ. ಊಟಕ್ಕೆ ಕೂತಾಗ ನಾನು ಹುಟ್ಟಿದ ಮಳೆಗಾಲದ ವಿಷಯ ತೆಗೆದೆ. ಹೊಳೆ ತುಂಬಿದ್ದು, ಸೂಲಗಿತ್ತಿಯನ್ನು ದೋಣಿಯಲ್ಲಿ ಕರೆತಂದದ್ದು, ದೋಣಿಯವನ ಕಂಬಳಿ, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನೂರು ಸಲ ಹೇಳಿದ್ದೇನೆ.

ಅಕ್ಕ ಸಾರು ಬಡಿಸುವುದನ್ನು ನಿಲ್ಲಿಸಿದಳು. "ತಮಾ, ನೀ ಹುಟ್ಟಿದ್ದು ಶಿವರಾತ್ರಿ ಕಳದ ಮೇಲೆ. ಅಷ್ಟೊತ್ತಿಗೆ ಹೊಳೇಲಿ ನೀರೆಲ್ಲಿದ್ದು? ದೋಣಿ ಕತೆ ದೊಡ್ಡಪ್ಪನ ಮಗಂದು."

"ಆಯಿ ನಂಗೇ ಹೇಳಿದ್ದು ಅಕ್ಕಾ. ನಂಗೆ ಸರಿ ನೆನಪಿದ್ದು."

"ಹುಟ್ಟಿದ್ದು ನಿಂಗೆ ಹ್ಯಾಂಗೆ ನೆನಪಿರ್ತು? ನಾನು ಆಗ ಏಳು ವರ್ಷದ ಕೂಸು, ಬಾಗಿಲ ಹೊರಗೆ ಕುಂತಿದ್ದಿ. ಸೆಕೆಗೆ ಬೀಸಣಿಗೆ ಹಿಡ್ಕಂಡಿದ್ದಿ." ಮತ್ತೆ ಸೌಟು ಎತ್ತಿ ಸೇರಿಸಿದಳು: "ಶಿವರಾತ್ರಿ ಅಲ್ದಿದ್ರೆ ಹೋಳಿ. ಅದರಿಂದ ಆಚೆ ಇಲ್ಲೆ."

ಕೇಳಿ ನೋಡಲು ಹೆತ್ತ ಆಯಿ ಈಗಿಲ್ಲ, ಸೂಲಗಿತ್ತಿಯೂ ಇಲ್ಲ. ದೋಣಿಯವನ ಕಂಬಳಿ ಈಗಲೂ ನನಗೆ ಕಾಣುತ್ತದೆ, ಆದರೆ ಅದು ನಾನು ಹುಟ್ಟಿದ ದಿನದ್ದೆಂದು ಹೇಳುವ ಧೈರ್ಯ ಹೋಯಿತು. ಕುಮಟಾದ ಬಸ್ ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತ ಅಕ್ಕನ ಕೊನೆಯ ಮಾತೇ ತಲೆಯಲ್ಲಿ ಓಡುತ್ತಿತ್ತು. ಶಿವರಾತ್ರಿ ಅಲ್ಲದಿದ್ದರೆ ಹೋಳಿ. ಅವಳು ತಾರೀಖು ಹೇಳಿರಲಿಲ್ಲ. ಎರಡು ಅಂಚುಗಳನ್ನು ಹೇಳಿದ್ದಳು. ಇದಕ್ಕಿಂತ ಮೊದಲಲ್ಲ, ಅದಕ್ಕಿಂತ ಆಚೆ ಅಲ್ಲ. ಧಾರವಾಡದ ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದೂ ಅದೇ ತಾನೇ. ಯಾವ ಅಳತೆಗೂ ಹಿಂದೆ ಮುಂದೆ ಎಷ್ಟು ಎಂದು ಬರೆಯದಿದ್ದರೆ ಮೇಷ್ಟ್ರು ಹಾಳೆ ಹಿಂದಕ್ಕೆ ಎಸೆಯುತ್ತಿದ್ದರು. ಅದು ಮಾತ್ರ ನನಗೆ ಸರಿಯಾಗಿಯೇ ನೆನಪಿದೆ ಎಂದುಕೊಳ್ಳುತ್ತೇನೆ.

ದಿನ, ತಿಂಗಳು, ವರ್ಷದ ಆ ಮೂರು ಪೆಟ್ಟಿಗೆಗಳನ್ನು ಕಿತ್ತುಹಾಕಲು ಬಸ್ಸು ಹತ್ತುವ ಮೊದಲೇ ತೀರ್ಮಾನ ಮಾಡಿದ್ದೆ.

ಅಕ್ಕೋರಿಗೆ ಫೋನಿನಲ್ಲಿ ಹೇಳಿದರೆ ಒಪ್ಪಲಿಲ್ಲ. ಶಾಲೆಗೇ ಹೋದೆ.

"ಒಬ್ಬೊಬ್ಬರಿಗೆ ಒಂದು ದಿನಾಂಕ ಬೇಡ, ಎರಡು ಇಡುವ," ಎಂದೆ. "ಇದಕ್ಕಿಂತ ಮೊದಲು ಹುಟ್ಟಿರಲು ಸಾಧ್ಯವಿಲ್ಲ ಅನ್ನೋದು ಒಂದು, ಇದಕ್ಕಿಂತ ಆಮೇಲೆ ಸಾಧ್ಯವಿಲ್ಲ ಅನ್ನೋದು ಇನ್ನೊಂದು. ಎರಡಕ್ಕೂ ಲೆಕ್ಕ ಹಾಕಿ ನಡುವಿನದನ್ನು ಒಂದು ಪಟ್ಟೆ ಮಾಡಿ ತೋರಿಸುವ."

"ಅಂದ್ರೆ ಉತ್ತರ ಸುಮಾರು ಇಷ್ಟು ಅಂತ."

"ಹೌದು."

"ವಿಜ್ಞಾನದ ಕೋಣೇಲಿ ಸುಮಾರು ಅಂತ ಬರೀಲಾ ನಾನು? ಪರೀಕ್ಷೇಲಿ ಹುಡುಗ ಹೀಗೆ ಬರೆದ್ರೆ ಸೊನ್ನೆ ಕೊಡ್ತೇನೆ."

"ಯಾಕೆ ಸುಮಾರು ಅಂತ ಅವನು ಹೇಳಿದ್ರೆ ಪೂರ್ತಿ ಅಂಕ ಕೊಡಬೇಕು."

"ನೀವು ಅಂಕ ಕೊಡುವವರಲ್ಲ ಸರ್, ಅದಕ್ಕೆ ಉದಾರ." ಅವರು ಕಿಟಕಿಯ ಕಡೆ ತಿರುಗಿದರು. "ಅಧ್ಯಕ್ಷರು ಎಂತ ಹೇಳ್ತಾರೆ ಗೊತ್ತಿದೆಯಾ? ಮಷಿನಿಗೆ ಮೊದಲು ತಪ್ಪು ಗೊತ್ತಿತ್ತು, ಈಗ ಎಂತದೂ ಗೊತ್ತಿಲ್ಲ ಅಂತಾರೆ. ನಂಗೆ ಇನ್ನೊಂದು ಸಭೆ ಸಿಗುದಿಲ್ಲ."

ನಾನು ಚಾಕ್ ಹಿಡಿದು ಕಪ್ಪು ಗೋಡೆಯ ಮೇಲೇ ಲೆಕ್ಕ ಮಾಡಿದೆ. ಒಬ್ಬರ ವಯಸ್ಸು ಅರವತ್ತೈದರಿಂದ ಅರವತ್ತೆಂಟರ ನಡುವೆ ಎಲ್ಲೋ ಇದೆ ಎನ್ನೋಣ. ಮೂರು ವರ್ಷದ ಅನುಮಾನ. ಬುಧನ ಮೇಲೆ ಅದು ಇನ್ನೂರ ಅರವತ್ತೊಂಬತ್ತರಿಂದ ಇನ್ನೂರ ಎಂಬತ್ತೆರಡು. ಅನುಮಾನವೇ ಹನ್ನೆರಡು ವರ್ಷಕ್ಕಿಂತ ಹೆಚ್ಚು. ಗುರುವಿನ ಮೇಲೆ ಐದು. ಶನಿಯ ಮೇಲೆ ಎರಡು. ಹಿಂದೆ ಮುಂದೆ ಏನಿಲ್ಲ, ಎರಡೇ. ಇಲ್ಲಿ ನಮಗೆ ಗೊತ್ತಿಲ್ಲದ್ದು ಅಲ್ಲಿಗೆ ಹೋಗುವಾಗ ಮಾಯವಾಗುತ್ತದೆ. ಸೂರ್ಯನಿಗೆ ಹತ್ತಿರದ ಗ್ರಹ ನಮ್ಮ ಅಜ್ಞಾನವನ್ನು ದೊಡ್ಡದು ಮಾಡುತ್ತದೆ, ದೂರದ್ದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಕ್ಕೋರು ಗೋಡೆಯ ಲೆಕ್ಕವನ್ನು ಮೇಲಿನಿಂದ ಒಂದೊಂದಾಗಿ ಓದಿದರು. "ಇದನ್ನ ಏಳನೇ ಕ್ಲಾಸಿಗೆ ಮಾಡಬಹುದು," ಎಂದರು. ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಳಿಸಬೇಡಿ ಎಂದರು.

ಮತ್ತೆ ಬರೆಯುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಪ್ರಶ್ನೆಗಳನ್ನು ಹುಡುಕುವುದೇ ದೊಡ್ಡ ಕೆಲಸ. ದಿನಾಂಕ ಸರಿಯಾಗಿ ಗೊತ್ತಿದ್ದವರಿಗೆ ಒಂದು ದಾರಿ. ಉಳಿದವರಿಗೆ: ಮನೆಯಲ್ಲಿ ಎಷ್ಟು ವಯಸ್ಸು ಎನ್ನುತ್ತಾರೆ, ಯಾವ ಲೆಕ್ಕದಲ್ಲಿ? ಮಳೆಗಾಲವೋ, ಚಳಿಯೋ, ಸೆಕೆಗಾಲವೋ? ನಿಮ್ಮ ಹಿಂದೆ ಮುಂದೆ ಹುಟ್ಟಿದವರು ಯಾರು, ನಡುವೆ ಎಷ್ಟು ವರ್ಷ? ಊರಿಗೆ ಕರೆಂಟು ಬಂದಾಗ ನೀವು ನಡೆಯುತ್ತಿದ್ದಿರೋ, ಶಾಲೆಗೆ ಹೋಗುತ್ತಿದ್ದಿರೋ? ಪ್ರತಿ ಉತ್ತರಕ್ಕೂ ಎರಡು ಅಂಚುಗಳು ಒಂದಿಷ್ಟು ಹತ್ತಿರ ಬರಬೇಕು. ಕೆಲವೊಮ್ಮೆ ಎರಡು ಉತ್ತರಗಳು ಒಂದಕ್ಕೊಂದು ಹೊಂದದೆ ಅಂಚುಗಳು ದಾಟಿಹೋಗುತ್ತಿದ್ದವು, ಪಟ್ಟೆ ತಿರುಗುಮುರುಗಾಗಿ ಪುಟವೇ ನಿಲ್ಲುತ್ತಿತ್ತು. ಮೊದಮೊದಲು ಅಲ್ಲಿ 'ತಪ್ಪು ಉತ್ತರ' ಎಂದು ಕೆಂಪಕ್ಷರದಲ್ಲಿ ಬರಿಸುತ್ತಿದ್ದೆ. ಆಮೇಲೆ ಅದನ್ನು ತೆಗೆದು 'ಇವೆರಡರಲ್ಲಿ ಯಾವುದು ಹೆಚ್ಚು ಖಾತ್ರಿ?' ಎಂದು ಬರೆದೆ. ಸಂಜೆಗೆ ಬೆನ್ನು ನೋಯುತ್ತಿತ್ತು.

ಎರಡನೇ ಸಭೆಗೆ ಜನ ಕಡಿಮೆ. ನಗಲು ಬಂದವರೇ ಜಾಸ್ತಿ ಎಂದು ನನಗೆ ಅನಿಸಿತು. ಅಕ್ಕ ತಂಗಿ ಬಂದಿದ್ದರು, ಅಕ್ಕೋರು ಮನೆಗೇ ಹೋಗಿ ಕರೆದಿದ್ದರಂತೆ. ಅಕ್ಕ ಬಾಗಿಲ ಬಳಿಯೇ ನಿಂತಳು.

"ಒಂದು ಸಲ ಮರ್ಯಾದೆ ಹೋದದ್ದು ಸಾಕು," ಎಂದಳು.

"ಈ ಸಲ ಕಾರ್ಡು ಕೇಳುದಿಲ್ಲ ಅಮ್ಮ. ನೀವು ಹೇಳಿದ್ದೇ ಹಾಕ್ತೇನೆ."

ಪುಟದ ಪ್ರಶ್ನೆಗಳನ್ನು ನಾನು ಓದಿದೆ. ತಂಗಿ ಹುಟ್ಟಿದಾಗ ಎಷ್ಟು ದೊಡ್ಡವರಿದ್ದಿರಿ ಎಂದು ಕೇಳಿದ್ದಕ್ಕೆ, ಬಾವಿಯಿಂದ ಸಣ್ಣ ಕೊಡ ತರುವಷ್ಟು ಎಂದಳು. ಅದು ಎಷ್ಟು ವಯಸ್ಸು ಎಂದು ಹಿಂದಿದ್ದ ಹೆಂಗಸರಲ್ಲಿ ಚರ್ಚೆ ಎದ್ದಿತು. ಮೂರಕ್ಕೆ ಆಗದು, ಐದಕ್ಕೆ ದೊಡ್ಡ ಕೊಡವೇ ಹೊರಿಸುತ್ತಿದ್ದರು, ನಾಲ್ಕು ಎಂದು ತೀರ್ಮಾನವಾಯಿತು. ತಂಗಿ ಮಳೆಗಾಲದ್ದು. ಅಕ್ಕನದು ಸುಗ್ಗಿಯ ಆಚೆ ಈಚೆ. ಪ್ರತಿ ಮಾತಿಗೂ ಟಿ.ವಿ.ಯಲ್ಲಿ ಪಟ್ಟೆ ಸ್ವಲ್ಪ ಕಿರಿದಾಗುವುದನ್ನು ಜನ ಕಂಡರು. ಯಾವಾಗ ಎಲ್ಲರೂ ಮುಂದೆ ಸರಿದರೋ ನನಗೆ ತಿಳಿಯಲಿಲ್ಲ.

ಬುಧನ ಸಾಲಿನಲ್ಲಿ ಎರಡು ಪಟ್ಟೆಗಳು ಬೇರೆ ಬೇರೆ ನಿಂತವು. ತಂಗಿಯದು ಇನ್ನೂರ ಐವತ್ತಮೂರರಿಂದ ಅರವತ್ತೈದು, ಅಕ್ಕನದು ಇನ್ನೂರ ಅರವತ್ತೊಂಬತ್ತರಿಂದ ಎಂಬತ್ತೆರಡು. ನಡುವೆ ಕಪ್ಪು ಜಾಗ ಖಾಲಿ.

"ಅಕ್ಕ ಮುಂದೆ ಅದೆ," ಎಂದು ಯಾರೋ ಅಂದರು.

ಅಕ್ಕ ಬಾಗಿಲು ಬಿಟ್ಟು ಒಳಗೆ ಬಂದಳು. ಎಂಟೂ ಸಾಲು ಓದಿಸಿಕೊಂಡಳು. ಗುರುವಿನಲ್ಲಿ ಇಬ್ಬರಿಗೂ ಐದು, ಶನಿಯಲ್ಲಿ ಇಬ್ಬರಿಗೂ ಎರಡು ಎಂದಾಗ ನಾನು ಅವಳ ಮುಖ ನೋಡಿದೆ. ಅವಳು ಸಿಟ್ಟಾಗಲಿಲ್ಲ. "ಅಲ್ಲಿ ವರ್ಷ ಅಷ್ಟು ಉದ್ದ ಅಂದ್ರೆ ನಾಕು ವರ್ಷ ಎಲ್ಲಿ ಕಾಣ್ತದೆ," ಎಂದಳು. ಕೊನೆಯ ಎರಡರಲ್ಲಿ ಇಬ್ಬರಿಗೂ ಇನ್ನೂ ಒಂದು ತುಂಬಿಲ್ಲ ಎಂದು ಬಂತು.

"ಹಂಗಾದ್ರೆ ತೊಟ್ಲಲ್ಲೇ ಅದೀವಿ," ಎಂದಳು ತಂಗಿ. "ಅಲ್ಲಿ ಯಾರು ತೂಗುದು?"

"ನಾನೇ ತೂಗ್ಬೇಕಾತದೆ, ಮತ್ಯಾರು," ಎಂದಳು ಅಕ್ಕ.

ಆಮೇಲೆ ಸಾಲು ನಿಂತಿತು. ಒಬ್ಬೊಬ್ಬರಿಗೂ ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ಒಬ್ಬರ ಉತ್ತರಕ್ಕೆ ನಾಲ್ಕು ಜನ ತಿದ್ದುಪಡಿ ಹೇಳುತ್ತಿದ್ದರು. ಇಬ್ಬರು ಮನೆಗೆ ಹೋಗಿ ಹಿರಿಯರನ್ನು ಕೇಳಿ ಬರುತ್ತೇವೆಂದು ನಡುವೆಯೇ ಎದ್ದು ಹೋದರು. ಅಕ್ಕೋರು ಗೋಡೆಗೆ ಒರಗಿ ನೋಡುತ್ತಿದ್ದರು. ಅಧ್ಯಕ್ಷರು ಮಾತ್ರ ಈ ಸಲವೂ ಬೆಂಚು ಬಿಟ್ಟು ಏಳಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದರು:

"ಭಟ್ರೆ, ಇದನ್ನ ನೀವಿಲ್ಲದೆ ಯಾರಾದ್ರೂ ನಡೆಸ್ಲಿಕ್ಕೆ ಆಗ್ತದಾ?"

ಆಗುತ್ತದೆ ಎನ್ನಲು ಬಾಯಿ ತೆರೆದೆ. ಮೊದಲ ಪುಟವಾಗಿದ್ದರೆ ಆಗುತ್ತಿತ್ತು. ಮೂರು ಪೆಟ್ಟಿಗೆ, ಒಂದು ಗುಂಡಿ. ಅದನ್ನು ನಾನೇ ಕಿತ್ತುಹಾಕಿದ್ದೆ. ಈಗಿನದಕ್ಕೆ ಪಕ್ಕದಲ್ಲಿ ಕೂತು ಕೇಳುವವರು ಬೇಕು, ಹೊಂದದ ಉತ್ತರ ಬಂದಾಗ ಸಮಾಧಾನದಿಂದ ಮತ್ತೊಮ್ಮೆ ಕೇಳುವವರು ಬೇಕು. ಅಕ್ಕೋರಿಗೆ ಮಾರ್ಚಿನವರೆಗೆ ಮಾತ್ರ ಅವಕಾಶ, ಅದೂ ತರಗತಿಗಳ ನಡುವೆ.

"ಕಷ್ಟ," ಎಂದೆ.

"ನಂಗೂ ಹಾಗೇ ಕಂಡ್ತು. ಬರೇ ಮಷಿನಿಗೆ ಒಂದು ಕೋಣೆ ಬಿಡ್ಲಿಕ್ಕೆ ಆಗುದಿಲ್ಲ. ಯಾ ಮನುಷ್ಯ ಕೂತ್ಕಣ್ತಾನೆ ಹೇಳಿ, ಕೋಣೆ ಬಿಡುವ. ಬೆಂಚು ಜಗಲಿಗೆ ಹಾಕುವ, ಅಕ್ಕಿಗೆ ಬೇರೆ ಎಂತಾರು ನೋಡುವ."

ಅಕ್ಕೋರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತೋ ಏನೋ. ಅವರು ನೇತುಹಾಕಿದ್ದ ಗುರುವಿನ ದಾರ ಸರಿಮಾಡುತ್ತಿದ್ದರು. ಹೋಮ್‌ಸ್ಟೇಯವರ ಕೆಲಸ ಬಾಕಿ ಇತ್ತು, ಎರಡು ಕ್ಲಿನಿಕ್ಕುಗಳ ಪುಟ ಬಾಕಿ ಇತ್ತು, ಬೆನ್ನುನೋವಿತ್ತು. ಅವನ್ನೆಲ್ಲ ಹೇಳಬೇಕೆಂದಿದ್ದೆ.

"ಶನಿವಾರ ಅರ್ಧ ದಿನ ಶಾಲೆ ಅಲ್ಲವಾ," ಎಂದು ನಾನೇ ಹೇಳಿದ್ದು ನನಗೆ ಕೇಳಿಸಿತು. "ಬಿಟ್ಟ ಮೇಲೆ ಎರಡು ತಾಸು ಬರ್ತೇನೆ."

"ಆತು," ಎಂದರು ಅಧ್ಯಕ್ಷರು. ನಿರ್ಣಯ ಅಷ್ಟೇ.

ಮುಂದಿನ ಶನಿವಾರ ಬಸ್ಸು ತಡವಾಯಿತು. ಹೆದ್ದಾರಿಯಿಂದ ಒಳಗೆ ಬಿಸಿಲಿನಲ್ಲಿ ನಡೆದು ಹೋಗುವಾಗ, ಯಾರೂ ಬಂದಿರದಿದ್ದರೆ ಒಳ್ಳೆಯದಿತ್ತು, ಹಾಗೇ ತಿರುಗಿ ಹೋಗಬಹುದಿತ್ತು ಎಂದುಕೊಂಡೆ. ಮಕ್ಕಳು ಆಗಲೇ ಮನೆಗೆ ಹೋಗಿದ್ದರು. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಟಿ.ವಿ.ಯ ಎದುರಿನ ಕುರ್ಚಿಯಲ್ಲಿ ಸಮಿತಿಯ ಅಧ್ಯಕ್ಷರು ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಬಾಗಿಲ ಹೊರಗೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಭಟ್ರೆ, ನಂಗೆ ಎಂತದೂ ಗೊತ್ತಿಲ್ಲ. ಅಪ್ಪ ಅಮ್ಮ ಯಾರೂ ಹೇಳಿದ್ದಿಲ್ಲ, ಅಕ್ಕ ತಂಗಿ ಅಂತ ಯಾರೂ ಇಲ್ಲ. ಕಾರ್ಡಲ್ಲಿ ಇದ್ದದ್ದು ನಾನೇ ಬರೆಸಿದ್ದು. ಎಲ್ಲಿಂದ ಶುರು ಮಾಡುವ?"

ಲ್ಯಾಪ್‌ಟಾಪ್ ತೆರೆದು ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಪಟ್ಟೆ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಇತ್ತು.

"ನಿಮ್ಮನ್ನು ಮೊದಲು ಶಾಲೆಗೆ ಕರೆದುಕೊಂಡು ಬಂದವರು ಯಾರು?" ಎಂದು ಕೇಳಿದೆ.

ಅವರು ಯೋಚಿಸತೊಡಗಿದರು. ನನಗೇನೂ ಅವಸರವಿರಲಿಲ್ಲ.